ನಿಂಬೆಹಣ್ಣೂ ಟ್ರಂಪೆಟ್ಟೂ

ಮಕ್ಕಳೇ, ಆಗಸ್ಟ್ 14ರ ರಾತ್ರಿ ನನ್ನ ಮೊಮ್ಮಗಳು ಊಟ ಬಿಟ್ಟು ಮೂಲೆಯಲ್ಲಿ ಕೂತಿದ್ದಳು. ಶಾಲೆಯ ಬ್ಯಾಂಡಿನಲ್ಲಿ ಅವಳದು ಟ್ರಂಪೆಟ್.

“ತಾತಾ, ನಾಳೆ ಹುಡುಗರು ನನ್ನೆದುರು ನಿಂಬೆಹಣ್ಣು ಚೀಪ್ತಾರಂತೆ. ನೋಡಿದರೆ ಬಾಯಲ್ಲಿ ನೀರೂರಿ ಊದೋಕೇ ಆಗಲ್ಲವಂತೆ!”

ನನಗೆ ನಗು ಬಂತು. ಇದೇ ಮಾತನ್ನು ನಾನೂ ಚಿಕ್ಕಂದಿನಲ್ಲಿ ಕೇಳಿದ್ದೆ. ಇಂಗ್ಲೆಂಡ್, ಜರ್ಮನಿಗಳಲ್ಲೂ ಬ್ಯಾಂಡಿನವರ ಬಗ್ಗೆ ಇದನ್ನೇ ಹೇಳುತ್ತಾರೆ. ಇಂಥ ಕಥೆಗಳಿಗೆ ಕಾಲು ಬಹಳ! ಇನ್ನೊಂದು ಕೇಳಿ. ಬೀಥೋವನ್ 1806ರಲ್ಲಿ ಬರೆದ ಮೂರನೆಯ ‘ಲಿಯೊನೋರಾ’ ಓವರ್ಚರ್‌ನಲ್ಲಿ ಟ್ರಂಪೆಟ್ ವಾದಕ ಮರೆಯಲ್ಲಿ ನಿಂತು ಎರಡು ಸಲ ಊದಬೇಕು. ಒಮ್ಮೆ ಕಾವಲುಗಾರನೊಬ್ಬ ಓಡಿಬಂದು, “ಏಯ್, ಒಳಗೆ ಕಛೇರಿ ನಡೀತಿದೆ, ಇಲ್ಲಿ ಊದಬೇಡ!” ಎಂದು ಗದರಿಸಿ ಹಿಡಿದೇಬಿಟ್ಟನಂತೆ. ಯಾವ ಊರಲ್ಲಿ? ಹೇಳುವವರಿಗೊಂದೊಂದು ಊರು!

ಮೊಮ್ಮಗಳು ನಕ್ಕಳು. ಆಮೇಲೆ ಕೇಳಿದಳು: “ಹಾಗಾದರೆ ನಿಂಬೆಹಣ್ಣಿಂದು ಸುಳ್ಳಾ?”

“ಹುಳಿ ನೋಡಿದರೆ ಬಾಯಲ್ಲಿ ನೀರೂರುವುದು ನಿಜ. ನುಂಗಿದರಾಯಿತು. ಟ್ರಂಪೆಟ್ಟಿನ ನಾದ ಹುಟ್ಟುವುದು ನಿನ್ನ ತುಟಿಗಳ ಕಂಪನದಿಂದ. ಊದುವಾಗ ಉಸಿರಿನ ತೇವ ಕೊಳವೆಯೊಳಗೆ ಹೇಗೂ ನೀರಾಗುತ್ತದೆ. ಅದನ್ನು ಹೊರಬಿಡಲು ಪುಟ್ಟ ಕೀಲಿಯೇ ಇದೆಯಲ್ಲ! ನಾದವನ್ನು ತಡೆಯುವುದು ನಿಂಬೆಯಲ್ಲ ಮಗಳೇ, ಅಂಜಿಕೆ.”

ಅವಳ ಮುಖ ಮತ್ತೆ ಸಪ್ಪಗಾಯಿತು. “ಅಂಜಿಕೆ ಆಗ್ತಿದೆಯಲ್ಲ?”

ಆಗ ಮೊತ್ಸಾರ್ಟ್‌ನ ಸಂಗತಿ ಹೇಳಿದೆ. ಇದು ಕಟ್ಟುಕಥೆಯಲ್ಲ, ಅವರ ಮನೆಗೆ ಆಪ್ತನಾಗಿದ್ದ ಟ್ರಂಪೆಟ್ ವಾದಕ ಶಾಖ್ಟ್‌ನರ್ 1792ರಲ್ಲಿ ಪತ್ರದಲ್ಲಿ ಬರೆದದ್ದು. ಹೆಚ್ಚುಕಡಿಮೆ ಹತ್ತು ವರ್ಷದವರೆಗೂ ಮೊತ್ಸಾರ್ಟ್‌ಗೆ ಒಂಟಿ ಟ್ರಂಪೆಟ್ ಎಂದರೆ ವಿಪರೀತ ಭಯ. ಭಯ ಬಿಡಿಸಲೆಂದು ತಂದೆ ಎದುರಿಗೇ ಊದಿಸಿದರೆ, ಹುಡುಗ ಬಿಳಿಚಿಕೊಂಡು ಕುಸಿಯತೊಡಗಿದ! ಅದೇ ಹುಡುಗ ದೊಡ್ಡವನಾಗಿ ತನ್ನ ಸಿಂಫನಿಗಳಲ್ಲಿ ಟ್ರಂಪೆಟ್ ಮೊಳಗಿಸಿದ. ಗೆಳೆಯ ಲಾಯ್ಟ್‌ಗೆಬ್‌ಗಾಗಿ ಹಾರ್ನ್ ಕನ್ಚೆರ್ಟೊಗಳನ್ನು ಬರೆದ.

“ಅಷ್ಟು ದೊಡ್ಡವನಿಗೂ ಹೆದರಿಕೆಯಾ?” ಎಂದವಳು ಎದ್ದು ತಟ್ಟೆ ಹಾಕಿಕೊಂಡಳು.

ಬೆಳಿಗ್ಗೆ ಮುಂದಿನ ಸಾಲಿನಲ್ಲೇ ಮೂವರು ಪೋರರು, ಮೂರು ನಿಂಬೆಹಣ್ಣು. ಮೊದಲ ಸ್ವರ ಒಡೆಯಿತು. ನನ್ನ ಎದೆ ಧಸಕ್ಕೆಂದಿತು. ಅವಳು ಒಮ್ಮೆ ನುಂಗಿಕೊಂಡು ಮತ್ತೆ ಊದಿದಳು. ಎರಡನೆಯ ಸ್ವರ ನೆಟ್ಟಗೆ ಮೈದಾನ ದಾಟಿತು. ಅಷ್ಟರಲ್ಲಿ ಚೀಪುತ್ತಿದ್ದವರ ಮುಖವೇ ಹಿಂಡಿದ ನಿಂಬೆಯಂತಾಗಿತ್ತು!

ಉಳಿದ ಎರಡು ಹಣ್ಣು ನಮ್ಮ ಮನೆಯಲ್ಲಿ ಪಾನಕವಾದವು. ಕುಡಿದವರಲ್ಲಿ ಆ ಮೂವರೂ ಇದ್ದರು.

ನಿಮ್ಮ ಅಜ್ಜಿ ತಾತಂದಿರೂ ಇಂಥ ಕಥೆ ಕೇಳಿರಬಹುದು. ಇವತ್ತೇ ಕೇಳಿನೋಡಿ.