‘ಬಗ್ ಸರಿಪಡಿಸಲಾಗಿದೆ’ ಅಂದರೆ ಏನು ಬದಲಾಯಿತು? ಅಪ್‌ಡೇಟ್ ಟಿಪ್ಪಣಿ ಓದುವುದನ್ನು ಕಂಪೈಲರ್‌ಗಳಿಂದ ಕಲಿಯೋಣ

ನಿಮ್ಮ ಫೋನಿನಲ್ಲಿ ಪ್ಲೇ ಸ್ಟೋರ್ ತೆರೆದು ಯಾವುದಾದರೂ ಆಪ್‌ನ ‘ಹೊಸದೇನಿದೆ’ ಭಾಗ ನೋಡಿ. ಎಷ್ಟೋ ಸಲ ಅಲ್ಲಿರುವುದು ಒಂದೇ ಸಾಲು: ಬಗ್‌ಗಳನ್ನು ಸರಿಪಡಿಸಲಾಗಿದೆ, ಕಾರ್ಯಕ್ಷಮತೆ ಸುಧಾರಿಸಲಾಗಿದೆ. ಯಾವ ಬಗ್? ಅದರಿಂದ ನಮಗೇನು ತೊಂದರೆಯಾಗುತ್ತಿತ್ತು? ಈಗ ನಾವೇನಾದರೂ ಮಾಡಬೇಕೇ? ಉತ್ತರ ಇಲ್ಲ.

ಈ ಖಾಲಿ ಜಾಗವನ್ನು ಫಾರ್ವರ್ಡ್‌ಗಳು ತುಂಬುತ್ತವೆ. ‘ನಾಳೆಯಿಂದ ವಾಟ್ಸಾಪ್‌ಗೆ ಹೊಸ ನಿಯಮ, ಕೆಂಪು ಟಿಕ್ ಬಂದರೆ ಸರ್ಕಾರ ನಿಮ್ಮ ಮೇಲೆ ಕ್ರಮ ಕೈಗೊಳ್ಳುತ್ತಿದೆ ಎಂದರ್ಥ’ ಎಂಬ ಸಂದೇಶ ನಿಮಗೂ ಬಂದಿರಬಹುದು. ಅದು ಸುಳ್ಳು ಎಂದು ಪಿಐಬಿಯ ಫ್ಯಾಕ್ಟ್ ಚೆಕ್ ತಂಡ ಹೇಳಿದ ಮೇಲೂ ಅದು ಸುತ್ತುತ್ತಲೇ ಇದೆ. ಏನು ಬದಲಾಗಿದೆ ಎಂದು ತಂತ್ರಾಂಶ ಮಾಡಿದವರೇ ಸ್ಪಷ್ಟವಾಗಿ ಹೇಳದಿದ್ದರೆ, ಹೇಳುವವರು ಬೇರೆ ಯಾರಾದರೂ ಹುಟ್ಟಿಕೊಳ್ಳುತ್ತಾರೆ.

ಹಾಗಾದರೆ ಸರಿಯಾದ ಬಿಡುಗಡೆ ಟಿಪ್ಪಣಿ, ಅಂದರೆ ರಿಲೀಸ್ ನೋಟ್ಸ್, ಹೇಗಿರಬೇಕು? ಇದನ್ನು ತಿಳಿಯಲು ನಾವು ಆಪ್‌ಗಳನ್ನು ಬಿಟ್ಟು, ಆಪ್‌ಗಳನ್ನು ತಯಾರಿಸುವ ಕಂಪೈಲರ್ ಎಂಬ ತಂತ್ರಾಂಶದ ಕಡೆ ನೋಡೋಣ. ಅದರಲ್ಲೂ ತಪ್ಪು ಹುಡುಕಲು ನೆರವಾಗುವ ಡಿಬಗ್ ಸೌಲಭ್ಯಗಳ ಟಿಪ್ಪಣಿಗಳನ್ನು.

ಕಂಪೈಲರ್ ಎಂದರೇನು? ಡಿಬಗ್ ಮಾಹಿತಿ ಎಂದರೇನು?

ಪ್ರೋಗ್ರಾಮರ್‌ಗಳು ಬರೆಯುವ ಕೋಡ್ ಮನುಷ್ಯರು ಓದಬಹುದಾದ ರೂಪದಲ್ಲಿರುತ್ತದೆ. ಅದನ್ನು ಪ್ರೊಸೆಸರ್‌ಗೆ ತಿಳಿಯುವ ಸೂಚನೆಗಳಾಗಿ ಬದಲಾಯಿಸುವುದು ಕಂಪೈಲರ್‌ನ ಕೆಲಸ. ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಮೊದಲು ಹೊರತಂದ ಜಿಸಿಸಿ, ಮತ್ತು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 2000ದಲ್ಲಿ ಆರಂಭವಾದ ಎಲ್‌ಎಲ್‌ವಿಎಂ ಯೋಜನೆಯ ಕ್ಲಾಂಗ್, ಇವೆರಡೂ ಹೆಸರಾಂತ ಮುಕ್ತ ಕಂಪೈಲರ್‌ಗಳು. ಯಾರು ಬೇಕಾದರೂ ಇವುಗಳ ಕೋಡ್ ಓದಬಹುದು, ತಿದ್ದಬಹುದು. ಸಿ ಮತ್ತು ಸಿ++ ಭಾಷೆಗಳಲ್ಲಿ ಆಂಡ್ರಾಯ್ಡ್ ಆಪ್ ಬರೆಯುವವರಿಗೆ ಗೂಗಲ್ ಕೊಡುವ ಕಿಟ್‌ನಿಂದ 2018ರಲ್ಲಿ ಜಿಸಿಸಿಯನ್ನು ತೆಗೆದುಹಾಕಲಾಯಿತು. ಈಗ ಆ ಕಿಟ್‌ನಲ್ಲಿರುವುದು ಕ್ಲಾಂಗ್. ಅಂದರೆ ನಿಮ್ಮ ಫೋನಿಗೂ ಈ ಕಂಪೈಲರ್‌ಗಳಿಗೂ ನೇರ ನಂಟಿದೆ.

ಈಗ ಡಿಬಗ್ ಮಾಹಿತಿಗೆ ಬರೋಣ. ಮನೆ ಕಟ್ಟುವಾಗ ನೀರಿನ ಪೈಪುಗಳನ್ನು ಗೋಡೆಯೊಳಗೆ ಹುದುಗಿಸಿ ಮೇಲೆ ಗಾರೆ ಮಾಡಿಬಿಡುತ್ತಾರೆ. ನಾಲ್ಕು ವರ್ಷದ ಮೇಲೆ ಗೋಡೆ ಒದ್ದೆಯಾದರೆ ಪೈಪು ಎಲ್ಲಿ ಹಾದುಹೋಗಿದೆ ಎಂಬ ನಕ್ಷೆ ಬೇಕು. ಇಲ್ಲದಿದ್ದರೆ ಗೋಡೆಯನ್ನೆಲ್ಲ ಒಡೆಯಬೇಕು. ಕಂಪೈಲರ್ ಕೆಲಸ ಮುಗಿಸಿದಾಗಲೂ ಹೀಗೇ ಆಗುತ್ತದೆ. ಪ್ರೋಗ್ರಾಮರ್ ಇಟ್ಟ ಹೆಸರುಗಳು, ಸಾಲಿನ ಸಂಖ್ಯೆಗಳು ಯಂತ್ರದ ಸೂಚನೆಗಳಲ್ಲಿ ಉಳಿಯುವುದಿಲ್ಲ. ‘ಜಿ’ ಎಂಬ ಆಯ್ಕೆ ಕೊಟ್ಟರೆ ಮಾತ್ರ ಯಾವ ಸೂಚನೆ ಯಾವ ಸಾಲಿನಿಂದ ಬಂದಿತು ಎಂಬ ನಕ್ಷೆಯನ್ನು ಕಂಪೈಲರ್ ಜೊತೆಯಲ್ಲಿ ಇಡುತ್ತದೆ. ಇದೇ ಡಿಬಗ್ ಮಾಹಿತಿ. ಇದನ್ನು ಬರೆದಿಡುವ ಒಂದು ಪ್ರಮುಖ ಮಾದರಿಯ ಹೆಸರು ಡ್ವಾರ್ಫ್. ಜಿಡಿಬಿ, ಎಲ್‌ಎಲ್‌ಡಿಬಿಯಂತಹ ಡಿಬಗರ್‌ಗಳು ಈ ನಕ್ಷೆಯನ್ನು ಓದಿ ‘ಪ್ರೋಗ್ರಾಂ ನಿಂತದ್ದು ಈ ಫೈಲಿನ ಈ ಸಾಲಿನಲ್ಲಿ’ ಎಂದು ತೋರಿಸುತ್ತವೆ.

ನಕ್ಷೆ ಬರೆಯುವುದು ಒಂದು ತಂತ್ರಾಂಶ, ಓದುವುದು ಇನ್ನೊಂದು. ಬರೆಯುವವನು ಶೈಲಿ ಬದಲಿಸಿದರೆ ಓದುವವನಿಗೆ ಗೊತ್ತಾಗಬೇಕು. ಟಿಪ್ಪಣಿಯ ಮಹತ್ವ ಇರುವುದು ಇಲ್ಲಿಯೇ.

ಒಳ್ಳೆಯ ಟಿಪ್ಪಣಿಗೆ ಒಂದು ಉದಾಹರಣೆ

2021ರ ಏಪ್ರಿಲ್‌ನಲ್ಲಿ ಜಿಸಿಸಿ 11 ಬಿಡುಗಡೆಯಾಯಿತು. ಡ್ವಾರ್ಫ್‌ನ 5ನೇ ಆವೃತ್ತಿಯನ್ನು ಅದು ಪೂರ್ವನಿಯೋಜಿತ ಆಯ್ಕೆಯಾಗಿ ಮಾಡಿಕೊಂಡಿತು. ‘ಡಿಬಗ್ ಮಾಹಿತಿ ಸುಧಾರಿಸಲಾಗಿದೆ’ ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಟಿಪ್ಪಣಿ ಏನೇನು ಹೇಳಿತು ನೋಡಿ.

ಮೊದಲು, ಏನು ಬದಲಾಯಿತು ಮತ್ತು ಲಾಭವೇನು: ಹೊಸ ಮಾದರಿಯಲ್ಲಿ ಡಿಬಗ್ ಮಾಹಿತಿಯ ಗಾತ್ರ ಶೇ 25ರವರೆಗೆ ಕಡಿಮೆಯಾಗಬಹುದು. ಎರಡನೆಯದು, ಯಾರಿಗೆ ಅನ್ವಯಿಸುವುದಿಲ್ಲ: ಮ್ಯಾಕ್‌ನಂತಹ ಕೆಲವು ವ್ಯವಸ್ಥೆಗಳಲ್ಲಿ ಹಳೆಯ ಆವೃತ್ತಿಯೇ ಮುಂದುವರಿಯುತ್ತದೆ. ಮೂರನೆಯದು, ಜೊತೆಗೆ ಏನೇನು ಬೇಕು: ಜಿಡಿಬಿ 8.0 ಅಥವಾ ನಂತರದ್ದು, ವಾಲ್‌ಗ್ರೈಂಡ್ ಆದರೆ 3.17.0 ಎಂದು ಸಂಖ್ಯೆ ಸಮೇತ ಪಟ್ಟಿ ಕೊಟ್ಟಿದೆ. ನಾಲ್ಕನೆಯದು, ಬೇಡವೆಂದರೆ ಹಿಂದಕ್ಕೆ ಹೋಗುವ ದಾರಿ: 2, 3 ಅಥವಾ 4ನೇ ಆವೃತ್ತಿಯನ್ನೇ ಬಳಸಲು ಯಾವ ಆಯ್ಕೆ ಕೊಡಬೇಕು ಎಂದೂ ಬರೆದಿದೆ.

ಓದಿದವರಿಗೆ ‘ಇದು ನನಗೆ ಸಂಬಂಧಿಸಿದ್ದೇ, ನಾನೇನು ಮಾಡಬೇಕು’ ಎಂಬುದು ಒಂದು ನಿಮಿಷದಲ್ಲಿ ತಿಳಿಯುತ್ತದೆ. ಒಂದು ವರ್ಷದ ನಂತರ, 2022ರ ಮಾರ್ಚ್‌ನಲ್ಲಿ, ಕ್ಲಾಂಗ್ 14 ಕೂಡ ಡ್ವಾರ್ಫ್ 5ಕ್ಕೆ ಬದಲಾಯಿತು.

ಸದ್ದಿಲ್ಲದೆ ಕೈಕೊಡುವ ಬದಲಾವಣೆಗಳು

ಜಿಸಿಸಿ 11ರಲ್ಲಿ ಇನ್ನೊಂದು ಸಣ್ಣ ಬದಲಾವಣೆಯೂ ಆಯಿತು. ಡಿಬಗ್ ಮಾಹಿತಿಯನ್ನು ಪ್ರತ್ಯೇಕ ಫೈಲಿನಲ್ಲಿ ಇಡಲು ‘ಸ್ಪ್ಲಿಟ್ ಡ್ವಾರ್ಫ್’ ಎಂಬ ಆಯ್ಕೆ ಇದೆ. ಮೊದಲು ಅದೊಂದನ್ನೇ ಕೊಟ್ಟರೂ ನಕ್ಷೆ ತಯಾರಾಗುತ್ತಿತ್ತು. ಜಿಸಿಸಿ 11ರಿಂದ ಅದರ ಜೊತೆಗೆ ‘ಜಿ’ ಆಯ್ಕೆಯನ್ನೂ ಕೊಡಲೇಬೇಕು.

ಇದನ್ನು ಓದದವರಿಗೆ ಏನಾಗುತ್ತದೆ? ಆ ದಿನ ಏನೂ ಆಗುವುದಿಲ್ಲ. ಪ್ರೋಗ್ರಾಂ ಸರಿಯಾಗಿಯೇ ತಯಾರಾಗುತ್ತದೆ, ಓಡುತ್ತದೆ. ನಕ್ಷೆ ಮಾತ್ರ ಇರುವುದಿಲ್ಲ. ಅದು ಗೊತ್ತಾಗುವುದು ತಿಂಗಳುಗಳ ನಂತರ, ಗ್ರಾಹಕರ ಯಂತ್ರದಲ್ಲಿ ಪ್ರೋಗ್ರಾಂ ಕುಸಿದುಬಿದ್ದು, ಕಾರಣ ಹುಡುಕಲು ಕುಳಿತಾಗ. ತಪ್ಪು ನಡೆದ ಹೊತ್ತಿಗೂ ಪೆಟ್ಟು ಬೀಳುವ ಹೊತ್ತಿಗೂ ನಡುವೆ ಇಷ್ಟು ಅಂತರ ಇರುವುದರಿಂದಲೇ ಇಂತಹ ಬದಲಾವಣೆಗಳನ್ನು ಸಾಮಾನ್ಯ ‘ಸುಧಾರಣೆ’ಗಳ ಪಟ್ಟಿಯಲ್ಲಿ ಹೂತುಬಿಡಬಾರದು.

ಹಾಗಾದರೆ ಟಿಪ್ಪಣಿಯನ್ನು ಹೇಗೆ ಜೋಡಿಸಬೇಕು?

ಜಿಸಿಸಿಯ ಬದಲಾವಣೆಗಳ ಪುಟ ಸಾಮಾನ್ಯವಾಗಿ ಎಚ್ಚರಿಕೆಗಳಿಂದಲೇ ಶುರುವಾಗುತ್ತದೆ. ಸಾಮಾನ್ಯ ಸುಧಾರಣೆಗಳು, ಭಾಷೆವಾರು ಬದಲಾವಣೆಗಳು, ಪ್ರೊಸೆಸರ್‌ವಾರು ಬದಲಾವಣೆಗಳು ಆಮೇಲೆ. ಹಳೆಯ ಕೋಡ್ ಹೊಸ ಆವೃತ್ತಿಯಲ್ಲಿ ಕೈಕೊಟ್ಟರೆ ಏನು ಮಾಡಬೇಕು ಎಂಬುದಕ್ಕೆ ಬೇರೆಯೇ ಪುಟ ಇರುತ್ತದೆ. ಎಲ್‌ಎಲ್‌ವಿಎಂನಲ್ಲಿ ಇನ್ನೊಂದು ಒಳ್ಳೆಯ ರೂಢಿ ಇದೆ. ಟಿಪ್ಪಣಿಯ ಫೈಲು ಕೋಡ್‌ನ ಜೊತೆಯಲ್ಲೇ ಇರುತ್ತದೆ. ಬಳಕೆದಾರರಿಗೆ ತಟ್ಟುವ ಬದಲಾವಣೆ ಮಾಡಿದವರೇ ಅದೇ ಹೊತ್ತಿಗೆ ಅಲ್ಲಿ ಒಂದು ಸಾಲು ಸೇರಿಸುತ್ತಾರೆ. ಆರು ತಿಂಗಳ ನಂತರ ಬಿಡುಗಡೆಯ ಹಿಂದಿನ ರಾತ್ರಿ ನೆನಪಿಸಿಕೊಂಡು ಬರೆಯುವುದಕ್ಕಿಂತ ಇದು ಎಷ್ಟೋ ವಾಸಿ.

ಆದರೂ ಡಿಬಗ್ ಸೌಲಭ್ಯಗಳ ವಿಷಯದಲ್ಲಿ ಒಂದು ತೊಡಕು ಉಳಿಯುತ್ತದೆ. ಒಂದೇ ಬದಲಾವಣೆ ಕಂಪೈಲರ್‌ಗೂ ಡಿಬಗರ್‌ಗೂ ಸಂಬಂಧಿಸಿರಬಹುದು. ಎಲ್ಲಿ ಬರೆಯಬೇಕು? ಮಾಡಿದವರು ತಮ್ಮ ವಿಭಾಗದಲ್ಲಿ ಬರೆಯುತ್ತಾರೆ. ಬಳಸುವವರು ಹುಡುಕುವುದು ತಮ್ಮ ತೊಂದರೆಯ ಹೆಸರಿನಲ್ಲಿ. ಡಿಬಗರ್‌ನಲ್ಲಿ ಸಾಲಿನ ಸಂಖ್ಯೆ ಕಾಣಿಸದಿದ್ದವರು ಮೊದಲು ತೆರೆಯುವುದು ಡಿಬಗರ್‌ನ ಟಿಪ್ಪಣಿ. ಕಾರಣ ಕಂಪೈಲರ್‌ನ ಟಿಪ್ಪಣಿಯಲ್ಲಿ ಕುಳಿತಿರುತ್ತದೆ. ಆದ್ದರಿಂದ ಇಂತಹ ಬದಲಾವಣೆಗಳಿಗೆ ‘ಡಿಬಗ್ ಮಾಹಿತಿ’ ಎಂಬ ಒಂದೇ ತಲೆಬರಹ ಕೊಟ್ಟು, ಉಳಿದ ಕಡೆಗಳಿಂದ ಅಲ್ಲಿಗೆ ಕೊಂಡಿ ಕೊಡುವುದು ಮೇಲು ಎಂಬುದು ನಮ್ಮ ಅಭಿಪ್ರಾಯ.

ವಾಕ್ಯವೂ ಅಷ್ಟೇ ಮುಖ್ಯ. ನಾವೇ ರಚಿಸಿದ ಎರಡು ಮಾದರಿ ಇಲ್ಲಿವೆ. ‘ಸಾಲುಪಟ್ಟಿ ತಯಾರಿಕೆಯ ಕೋಡ್ ಮರುರಚಿಸಲಾಗಿದೆ’ ಎಂಬುದು ಮಾಡಿದವರ ಮಾತು. ‘ಲೂಪಿನೊಳಗೆ ಡಿಬಗರ್ ತಪ್ಪು ಸಾಲು ತೋರಿಸುತ್ತಿತ್ತು, ಈಗ ಸರಿಯಾಗಿದೆ, ನೀವೇನೂ ಮಾಡಬೇಕಿಲ್ಲ’ ಎಂಬುದು ಬಳಸುವವರಿಗಾಗಿ ಬರೆದ ಮಾತು.

ಟಿಪ್ಪಣಿ ಮೌನವಾದರೆ ಏನಾಗುತ್ತದೆ?

2019ರ ಮೇ ತಿಂಗಳಲ್ಲಿ ವಾಟ್ಸಾಪ್‌ನ ಕರೆ ಸೌಲಭ್ಯದಲ್ಲಿ ಗಂಭೀರ ದೋಷವೊಂದು ಬಯಲಾಯಿತು. ಕರೆ ಸ್ವೀಕರಿಸದಿದ್ದರೂ ಫೋನಿಗೆ ಬೇಹುಗಾರಿಕೆ ತಂತ್ರಾಂಶ ಸೇರಿಸಲು ಅದರಿಂದ ಸಾಧ್ಯವಿತ್ತು. ಭಾರತದ ಕೆಲವು ಪತ್ರಕರ್ತರು ಮತ್ತು ಹಕ್ಕುಗಳ ಹೋರಾಟಗಾರರೂ ಗುರಿಯಾಗಿದ್ದರು ಎಂದು ಕಂಪನಿ ಅದೇ ವರ್ಷ ಅಕ್ಟೋಬರ್‌ನಲ್ಲಿ ದೃಢಪಡಿಸಿತು. ದೋಷ ಸರಿಪಡಿಸಿದ ಆವೃತ್ತಿ ಬಂದಾಗ ಐಫೋನಿನ ಆಪ್ ಸ್ಟೋರ್ ಟಿಪ್ಪಣಿಯಲ್ಲಿ ಇದ್ದದ್ದು ಸ್ಟಿಕ್ಕರ್‌ಗಳನ್ನು ದೊಡ್ಡದಾಗಿ ನೋಡುವ ಸೌಲಭ್ಯದ ಮಾತು. ತಕ್ಷಣ ಅಪ್‌ಡೇಟ್ ಮಾಡಿ ಎಂದು ಕಂಪನಿ ಬೇರೆ ಕಡೆ ಹೇಳಿತ್ತು, ನಿಜ. ಆದರೆ ಟಿಪ್ಪಣಿಯನ್ನಷ್ಟೇ ಓದಿದವರು ‘ಸ್ಟಿಕ್ಕರ್ ತಾನೇ, ಆಮೇಲೆ ನೋಡೋಣ’ ಎಂದುಕೊಂಡಿದ್ದರೆ ಅದು ಅವರ ತಪ್ಪಲ್ಲ.

ದೋಷದ ವಿವರ ಪೂರ್ತಿ ಬರೆದರೆ ದುರುಳರಿಗೆ ಅನುಕೂಲವಾಗುವುದಿಲ್ಲವೇ? ಇದು ನ್ಯಾಯವಾದ ಪ್ರಶ್ನೆ. ಎಲ್ಲರೂ ಅಪ್‌ಡೇಟ್ ಮಾಡಿಕೊಳ್ಳುವ ತನಕ ತಾಂತ್ರಿಕ ವಿವರ ತಡೆಹಿಡಿಯುವ ರೂಢಿ ಇದೆ, ಅದು ಸರಿಯೂ ಹೌದು. ಆದರೆ ‘ಇದರಲ್ಲಿ ಮುಖ್ಯ ಭದ್ರತಾ ತಿದ್ದುಪಡಿ ಇದೆ, ಬೇಗ ಅಪ್‌ಡೇಟ್ ಮಾಡಿ’ ಎನ್ನಲು ಯಾವ ಗುಟ್ಟನ್ನೂ ಬಿಟ್ಟುಕೊಡಬೇಕಿಲ್ಲ.

ಟಿಪ್ಪಣಿಯೇ ಸುಳ್ಳು ಹೇಳಿದರೆ?

ಇದೂ ನಡೆದಿದೆ. ಲಿನಕ್ಸ್ ವ್ಯವಸ್ಥೆಗಳಲ್ಲಿ ಬಳಸುವ ಎಕ್ಸ್‌ಜೆಡ್ ಎಂಬ ಮುಕ್ತ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದರು. ವಾಲ್‌ಗ್ರೈಂಡ್ ಎಂಬ ಡಿಬಗ್ ಸಾಧನ ತೋರಿಸುತ್ತಿದ್ದ ದೋಷ ನಿಜವಾದದ್ದಲ್ಲ, ಅದನ್ನು ಸರಿಪಡಿಸಿದ್ದೇವೆ ಎಂದು 5.6.1ರ ಟಿಪ್ಪಣಿ ಹೇಳಿತು. ಆ ದೋಷಕ್ಕೆ ನಿಜವಾದ ಕಾರಣ ಕಳ್ಳಬಾಗಿಲೇ ಆಗಿತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿ, ಜಾಡು ಹಿಡಿದು ಹೋಗಿ, 2024ರ ಮಾರ್ಚ್ 29ರಂದು ಇದನ್ನು ಬಯಲು ಮಾಡಿದರು. ಟಿಪ್ಪಣಿಯನ್ನು ನಂಬಿ ಸುಮ್ಮನಾಗದೆ ಪರೀಕ್ಷಿಸಿ ನೋಡಿದ್ದರಿಂದ ಮತ್ತು ಪರೀಕ್ಷಿಸಲು ಕೋಡ್ ಎಲ್ಲರಿಗೂ ತೆರೆದಿದ್ದರಿಂದ ಇದು ಸಾಧ್ಯವಾಯಿತು.

ನೀವೇನು ಮಾಡಬಹುದು?

ಅಪ್‌ಡೇಟ್ ಕುರಿತ ಯಾವ ಸಂದೇಶ ಬಂದರೂ, ಮುಂದೆ ಕಳಿಸುವ ಮೊದಲು, ಜಿಸಿಸಿಯ ಟಿಪ್ಪಣಿ ಉತ್ತರಿಸಿದ ಪ್ರಶ್ನೆಗಳನ್ನೇ ಕೇಳಿ.

1. ಏನು ಬದಲಾಗಿದೆ ಎಂದು ನಿರ್ದಿಷ್ಟವಾಗಿ ಹೇಳಿದೆಯೇ, ಇಲ್ಲ ಬರೀ ಹೆದರಿಸುತ್ತಿದೆಯೇ?

2. ಯಾವ ಆಪ್, ಯಾವ ಆವೃತ್ತಿ, ಯಾವ ದಿನಾಂಕ ಎಂದು ಇದೆಯೇ? ‘ನಾಳೆಯಿಂದ’ ಎಂಬುದು ದಿನಾಂಕವಲ್ಲ. ಆ ಸಂದೇಶ ಯಾವತ್ತು ಬಂದರೂ ನಾಳೆ ಇದ್ದೇ ಇರುತ್ತದೆ.

3. ಏನು ಮಾಡಲು ಹೇಳುತ್ತಿದೆ? ಸಂದೇಶದಲ್ಲಿರುವ ಲಿಂಕ್ ಒತ್ತಿ ಎನ್ನುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ‘ಪಿಂಕ್ ವಾಟ್ಸಾಪ್’ ಹೆಸರಿನ ಲಿಂಕ್‌ಗಳ ಬಗ್ಗೆ 2023ರ ಜೂನ್‌ನಲ್ಲಿ ಮುಂಬೈ ಪೊಲೀಸರು ಎಚ್ಚರಿಸಿದ್ದು ಇದಕ್ಕೇ. ಹೊಸ ಬಣ್ಣದ ಆಸೆ ತೋರಿಸಿ ಫೋನಿಗೆ ಕುತಂತ್ರಾಂಶ ಸೇರಿಸುವ ಉಪಾಯ ಅದು.

4. ಬೇರೆ ಕಡೆ ತಾಳೆ ನೋಡಲು ಸಾಧ್ಯವೇ? ಆಪ್‌ನ ಅಧಿಕೃತ ಪುಟದಲ್ಲಿ, ಪ್ಲೇ ಸ್ಟೋರ್‌ನಲ್ಲಿ ಅದೇ ಮಾತು ಇದೆಯೇ?

ಒಂದು ತಪ್ಪು ತಿಳಿವಳಿಕೆಯನ್ನೂ ಬಿಡೋಣ. ಟಿಪ್ಪಣಿ ಬೋಳಾಗಿದೆ ಎಂಬ ಕಾರಣಕ್ಕೆ ಅಪ್‌ಡೇಟ್ ಮಾಡದೆ ಇರಬೇಡಿ. ಒಂದೇ ಸಾಲಿನ ಟಿಪ್ಪಣಿಯ ಹಿಂದೆ ದೊಡ್ಡ ಭದ್ರತಾ ತಿದ್ದುಪಡಿ ಇರಬಹುದು ಎಂಬುದಕ್ಕೆ 2019ರ ಪ್ರಕರಣವೇ ಸಾಕ್ಷಿ. ಅಧಿಕೃತ ಸ್ಟೋರ್‌ನಿಂದ ಅಪ್‌ಡೇಟ್ ಮಾಡಿಕೊಳ್ಳಿ. ಜೊತೆಗೆ, ಏನು ಬದಲಾಯಿಸಿದಿರಿ ಎಂದು ಆಪ್ ಮಾಡಿದವರನ್ನು ವಿಮರ್ಶೆಯ ಜಾಗದಲ್ಲಿ ಕೇಳಿ. ನಮ್ಮ ಫೋನಿನೊಳಗೆ ಏನು ಬದಲಾಯಿತು ಎಂದು ತಿಳಿಯುವ ಹಕ್ಕು ಕಂಪೈಲರ್ ಬಳಸುವವರಿಗೆ ಎಷ್ಟಿದೆಯೋ ನಮಗೂ ಅಷ್ಟೇ ಇದೆ.