ವಿದ್ಯೆ ಉಳಿಯಲಿ, ಪಣ ಅಳಿಯಲಿ

ಕನಕಪುರದಲ್ಲಿ ಒಂದು ಭಾನುವಾರ ಪೂಜೆ ಮುಗಿಸಿ ಹೊರಬರುತ್ತಿದ್ದಾಗ ತಾಯಿಯೊಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. ಅವರ ಮಗ ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ದುಡಿಯುತ್ತಾನೆ. ಪಾಳಿ ಮುಗಿಸಿ ಬಂದವನು ಊಟ ಮಾಡಿ ಮೊಬೈಲು ಹಿಡಿದು ಕುಳಿತರೆ ನಡುರಾತ್ರಿ ಮೀರುತ್ತದೆ. ಪಕ್ಕದಲ್ಲಿ ಒಂದು ನೋಟ್‌ಬುಕ್. ಅದರ ತುಂಬ ಅಂಕಿಗಳು. "ಇಸ್ಪೀಟಾಡ್ತಾನೆ ಸಾರ್. ಕೇಳಿದ್ರೆ, ಅಮ್ಮ, ಇದು ಜೂಜಲ್ಲ, ಲೆಕ್ಕ, ಕಲಿತವನು ಗೆಲ್ತಾನೆ ಅಂತಾನೆ. ತಂಗಿ ಕಾಲೇಜಿಗೆ ಕಟ್ಟಬೇಕಾದ ದುಡ್ಡು ಹೋದ ವರ್ಷ ಎರಡು ತಿಂಗಳು ತಡವಾಗಿ ಕೈಗೆ ಬಂತು. ಅವನು ಆಡ್ತಿದ್ದ ಆಟ ಸರ್ಕಾರದವರು ನಿಲ್ಲಿಸಿದ್ರಂತೆ. ಈಗ ಸ್ನೇಹಿತ ಯಾರೋ ಹೊರದೇಶದ್ದು ತೋರಿಸಿದ್ದಾನೆ. ಅವನು ಹೇಳೋದು ನಿಜವಾ, ನೀವೇ ಹೇಳಿ" ಎಂದರು.

ಜೂಜು ಪಾಪ, ಬಿಡಿಸಿಬಿಡಿ ಎಂದು ಹೇಳಿ ಮುಂದೆ ನಡೆಯುವುದು ಸುಲಭವಾಗಿತ್ತು. ಆದರೆ ಆ ನೋಟ್‌ಬುಕ್ಕಿನಲ್ಲಿ ಏನಿದೆ ಎಂದು ತಿಳಿಯದೆ ತೀರ್ಪು ನೀಡುವುದು ನ್ಯಾಯವಲ್ಲ. ನಮ್ಮ ಯುವಕರು ಹಿರಿಯರ ಮಾತನ್ನು ಕೇಳದಿರುವುದಕ್ಕೆ ಒಂದು ಕಾರಣ, ಹಿರಿಯರು ಯುವಕರ ಮಾತನ್ನು ಮೊದಲು ಕೇಳಿಸಿಕೊಳ್ಳದಿರುವುದೇ ಆಗಿದೆ.

ಪೋಕರ್ ಎಂಬ ಈ ಆಟ ನಮ್ಮ ಹಬ್ಬದ ರಾತ್ರಿಗಳ ಅಂದರ್ ಬಾಹರ್‌ನಂತಹುದಲ್ಲ. ಅಂದರ್ ಬಾಹರ್‌ನಲ್ಲಿ ಆಡುವವನ ಬುದ್ಧಿಗೆ ಕೆಲಸವಿಲ್ಲ. ಎಲೆ ಒಳಗೆ ಬೀಳುತ್ತದೆ, ಇಲ್ಲವೇ ಹೊರಗೆ. ಪೋಕರಿನ ಪ್ರಚಲಿತ ಬಗೆಯಾದ ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಪ್ರತಿಯೊಬ್ಬನಿಗೆ ಎರಡು ಗುಪ್ತ ಎಲೆಗಳು, ನಡುವೆ ಎಲ್ಲರಿಗೂ ಸಲ್ಲುವ ಐದು ಎಲೆಗಳು. ನಾಲ್ಕು ಸುತ್ತುಗಳಲ್ಲಿ ಪಣ ಹೂಡಬೇಕು, ಸರಿಗಟ್ಟಬೇಕು, ಇಲ್ಲವೇ ಎಲೆಗಳನ್ನು ಕೆಳಗಿಟ್ಟು ಹಿಂದೆ ಸರಿಯಬೇಕು. 52 ಎಲೆಗಳಿಂದ ಮೊದಲ ಎರಡು ಎಲೆಗಳು 1,326 ಬಗೆಯಲ್ಲಿ ಜೊತೆಗೂಡಬಲ್ಲವು. ಎರಡೂ ಎಕ್ಕಗಳೇ ಆಗುವುದು ಸರಾಸರಿ 221 ಸಲಕ್ಕೆ ಒಮ್ಮೆ ಮಾತ್ರ. ಆದುದರಿಂದ ಚೆನ್ನಾಗಿ ಕಲಿತವನು ತನಗೆ ಬಂದ ಎಲೆಗಳಲ್ಲಿ ಬಹುಪಾಲನ್ನು ಆಡದೆಯೇ ಬಿಡುತ್ತಾನೆ. ಕಾಯುವುದೇ ಈ ಆಟದ ಮೊದಲ ಪಾಠ.

ಎರಡನೆಯ ಪಾಠ ಲೆಕ್ಕ. ನಡುವೆ 300 ರೂಪಾಯಿ ಇದೆ, ಎದುರಾಳಿ 100 ಹಾಕಿದ ಎನ್ನೋಣ. ನಾವು ಮುಂದುವರಿಯಲು 100 ಹಾಕಬೇಕು. ಒಟ್ಟು 500ರಲ್ಲಿ ನಮ್ಮದು 100. ಅಂದರೆ ಐದು ಸಲದಲ್ಲಿ ಒಮ್ಮೆಯಾದರೂ ಗೆದ್ದರೆ ಮಾತ್ರ ಅಸಲು ಹುಟ್ಟುತ್ತದೆ. ನಮಗೆ ನಾಲ್ಕು ಆಟೀನು ಎಲೆಗಳು ಸೇರಿವೆ, ಐದನೆಯದು ಬಂದರೆ ಗೆಲುವು. ಬರಬೇಕಾದದ್ದು ಇನ್ನೊಂದೇ ಎಲೆ. ನಮಗೆ ಕಾಣದ ಎಲೆಗಳು 46. ಅವುಗಳಲ್ಲಿ ಆಟೀನು 9. ನೂರಕ್ಕೆ ಸುಮಾರು ಹತ್ತೊಂಬತ್ತೂವರೆ. ಬೇಕಾದದ್ದು ಇಪ್ಪತ್ತು. ಮನಸ್ಸು ಹಾಕು ಎನ್ನುತ್ತದೆ, ಲೆಕ್ಕ ಕೂದಲೆಳೆಯಷ್ಟು ನಷ್ಟ ಎನ್ನುತ್ತದೆ. ಆ ಯುವಕನ ನೋಟ್‌ಬುಕ್ಕಿನಲ್ಲಿರುವುದು ಇಂತಹ ಲೆಕ್ಕಗಳೇ. ಆಡಿದ ಆಟವನ್ನು ಮರುದಿನ ಬರೆದು ಪರಿಶೀಲಿಸುವುದು, ಗೆದ್ದಾಗಲೂ ತಪ್ಪಾಗಿ ಆಡಿರಬಹುದೆಂದು ಒಪ್ಪಿಕೊಳ್ಳುವುದು, ಸೋತ ಸಿಟ್ಟಿನಲ್ಲಿ ಆಡದೆ ಎದ್ದುಹೋಗುವುದು, ಇವೆಲ್ಲ ಈ ವಿದ್ಯೆಯ ಅಂಗಗಳು. ರಾತ್ರಿ ಮಲಗುವ ಮುನ್ನ ಆತ್ಮಪರಿಶೋಧನೆ ಮಾಡಿಕೊಳ್ಳಿರೆಂದು ಬಾಲ್ಯದಿಂದ ಕಲಿತ ನಮಗೆ ಈ ಶಿಸ್ತು ಅಪರಿಚಿತವೇನಲ್ಲ.

ದೊಡ್ಡ ವಿದ್ವಾಂಸರೂ ಇದನ್ನು ಕಡೆಗಣಿಸಲಿಲ್ಲ. ಜಾನ್ ವಾನ್ ನಾಯ್ಮನ್ ಮತ್ತು ಆಸ್ಕರ್ ಮಾರ್ಗನ್‌ಸ್ಟರ್ನ್ 1944ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪೋಕರಿನ ಹುಸಿ ಪಣವನ್ನು ಗಣಿತದಿಂದ ವಿವರಿಸಿದರು. 2017ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಲಿಬ್ರಾಟಸ್ ಎಂಬ ಕಂಪ್ಯೂಟರ್ ಕಾರ್ಯಕ್ರಮವು ನಾಲ್ವರು ವೃತ್ತಿಪರರ ವಿರುದ್ಧ 1,20,000 ಆಟಗಳನ್ನಾಡಿ ಗೆದ್ದಿತು. ಆದುದರಿಂದ "ಇದು ಲೆಕ್ಕ" ಎಂಬ ಮಗನ ಮಾತು ಸುಳ್ಳಲ್ಲ. ಆದರೆ ಅದು ಅರ್ಧ ಸತ್ಯ. ಉಳಿದರ್ಧ ಆ ನೋಟ್‌ಬುಕ್ಕಿನ ಹೊರಗಿದೆ.

ಮೇಜಿನ ಸುತ್ತ ಆರು ಮಂದಿ ತಲಾ ಸಾವಿರ ರೂಪಾಯಿ ಇಟ್ಟು ಕುಳಿತರೆ ಅಲ್ಲಿರುವುದು ಆರು ಸಾವಿರ. ಎಷ್ಟು ಹೊತ್ತು ಆಡಿದರೂ, ಎಷ್ಟು ಜಾಣತನದಿಂದ ಆಡಿದರೂ ಅದು ಆರು ಸಾವಿರದ ಒಂದು ರೂಪಾಯಿ ಆಗದು. ಆಟ ನಡೆಸುವವನು ತನ್ನ ಪಾಲನ್ನು ಮುರಿದುಕೊಳ್ಳುವುದರಿಂದ ಅದು ಕಡಿಮೆಯೇ ಆಗುತ್ತ ಹೋಗುತ್ತದೆ. ಒಬ್ಬನ ಗೆಲುವೆಂಬುದು ಇನ್ನೊಬ್ಬನ ಜೇಬಿನಿಂದ ಬಂದದ್ದು.

ನಮ್ಮ ಸೀಮೆಯ ರೇಷ್ಮೆಯನ್ನು ಇದರೊಡನೆ ಹೋಲಿಸಿ ನೋಡಿ. ಹಿಪ್ಪುನೇರಳೆ ಸೊಪ್ಪು ಕೊಯ್ದು, ಹುಳುಗಳನ್ನು ನಾಲ್ಕು ಜ್ವರ ದಾಟಿಸಿ, ಹಣ್ಣಾದವನ್ನು ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ಮಾರುಕಟ್ಟೆಗೆ ಒಯ್ಯುವ ರೈತನ ಬದುಕೂ ಅದೃಷ್ಟದ ಅಂಚಿನಲ್ಲೇ ನಡೆಯುತ್ತದೆ. ಹುಳುವಿಗೆ ರೋಗ ಬರಬಹುದು, ಧಾರಣೆ ಬೀಳಬಹುದು. ಆದರೆ ಅವನು ಗೆದ್ದಾಗ ನೂಲು ತೆಗೆಯುವವನಿಗೂ ನೇಯುವವನಿಗೂ ಕೆಲಸ ದೊರೆಯುತ್ತದೆ. ಅವನ ಸಂಪಾದನೆಗಾಗಿ ಯಾರೂ ಬರಿಗೈಯಲ್ಲಿ ಮನೆಗೆ ಹೋಗಬೇಕಾಗಿಲ್ಲ. ಪಣದ ಮೇಜಿನಲ್ಲಿ ಹಾಗಲ್ಲ. ಅದರಲ್ಲೂ ಮೊಬೈಲಿನ ಮೇಜಿನಲ್ಲಿ ಎದುರಾಳಿಯ ಮುಖವೇ ಕಾಣದು. ಅವನು ಮನೆ ಬಾಡಿಗೆಯ ಹಣ ತಂದವನೋ, ಮಗುವಿನ ಔಷಧಿಯ ಹಣ ತಂದವನೋ, ಮನುಷ್ಯನೇ ಅಲ್ಲದ ಯಂತ್ರವೋ ತಿಳಿಯುವ ಬಗೆಯಿಲ್ಲ. ಹೆಚ್ಚು ಕಲಿತವನು ಹೆಚ್ಚು ಗೆಲ್ಲುವುದು ತನಗಿಂತ ಕಡಿಮೆ ಕಲಿತವನಿಂದಲೇ ಎಂಬ ಸಂಗತಿಯನ್ನು ಯಾವ ಲೆಕ್ಕವೂ ಮರೆಮಾಚಲಾರದು.

ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ನಾವು ಊಹಿಸುವುದಕ್ಕಿಂತ ಸೂಕ್ಷ್ಮವಾಗಿದೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥದ 2413ನೆಯ ಪರಿಚ್ಛೇದವು ಇಸ್ಪೀಟಾಟವನ್ನಾಗಲಿ ಪಣವನ್ನಾಗಲಿ ಸ್ವತಃ ಅನ್ಯಾಯವೆಂದು ಹೇಳುವುದಿಲ್ಲ. ತನ್ನ ಹಾಗೂ ತನ್ನನ್ನು ನಂಬಿದವರ ಅಗತ್ಯಗಳಿಗೆ ಬೇಕಾದದ್ದನ್ನು ಅದು ಕಸಿದುಕೊಂಡಾಗ ಅದು ಒಪ್ಪತಕ್ಕದ್ದಲ್ಲ ಎನ್ನುತ್ತದೆ. ಜೂಜಿನ ಗೀಳು ಮನುಷ್ಯನನ್ನು ದಾಸನನ್ನಾಗಿ ಮಾಡೀತೆಂದು ಎಚ್ಚರಿಸುತ್ತದೆ. ಯೂದನ ಸ್ಥಾನಕ್ಕೆ ಮತ್ತೀಯನನ್ನು ಪ್ರೇಷಿತರು ಚೀಟಿ ಹಾಕಿಯೇ ಆರಿಸಿದರು. ಶಿಲುಬೆಯ ಬುಡದಲ್ಲಿ ಸೈನಿಕರೂ ಚೀಟಿ ಹಾಕಿದರು. ಕೈಗಳು ಮಾಡಿದ ಕೆಲಸ ಒಂದೇ. ಸೈನಿಕರು ಹಂಚಿಕೊಂಡದ್ದು ಮಾತ್ರ ಸಾಯುತ್ತಿದ್ದವನ ಬಟ್ಟೆಯನ್ನು. ಈ ಅಳತೆಗೋಲನ್ನು ಹಿಡಿದರೆ ತಂಗಿಯ ಕಾಲೇಜು ಶುಲ್ಕ ತಡವಾದ ಆ ಎರಡು ತಿಂಗಳುಗಳು ಆ ಮನೆಗೆ ಬೇಕಾದ ಉತ್ತರವನ್ನು ಹೇಳಿಬಿಟ್ಟಿವೆ.

ಕಾನೂನಿನ ದಾರಿಯೂ ಬದಲಾಗಿದೆ. ಕೌಶಲದ ಆಟಗಳಿಗೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ವಿನಾಯಿತಿ ಇತ್ತು. 2021ರಲ್ಲಿ ರಾಜ್ಯವು ಆ ಕಾಯ್ದೆಗೆ ತಿದ್ದುಪಡಿ ತಂದು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಉಚ್ಚ ನ್ಯಾಯಾಲಯ ಆ ನಿಷೇಧವನ್ನು ರದ್ದುಗೊಳಿಸಿತು. ಬಳಿಕ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲದೆ ಹಣವಿಟ್ಟು ಆಡಿಸುವ ಎಲ್ಲ ಆನ್‌ಲೈನ್ ಆಟಗಳನ್ನೂ ಅದು ನಿಷೇಧಿಸುತ್ತದೆ. ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿವರೆಗೆ ದಂಡ ಉಂಟು. ಆಡುವವರನ್ನು ಅದು ಶಿಕ್ಷಿಸುವುದಿಲ್ಲ. ಅದೇ ತಿಂಗಳು ದೇಶದ ದೊಡ್ಡ ಸಂಸ್ಥೆಗಳು ಹಣದ ಆಟಗಳನ್ನು ನಿಲ್ಲಿಸಿದವು. ಕಾಯ್ದೆಯನ್ನು ಪ್ರಶ್ನಿಸಿ ಕೆಲವರು ನ್ಯಾಯಾಲಯದ ಮೆಟ್ಟಿಲೇರಿದ್ದೂ ಉಂಟು. ಆದರೆ ಹೊರದೇಶದ ಜಾಲತಾಣದತ್ತ ಕೈ ಚಾಚುವ ಯುವಕನಿಗೆ ಒಂದು ಮಾತು: ಅಲ್ಲಿ ಗೆದ್ದ ಹಣ ಕೈಗೆ ಬಾರದಿದ್ದರೆ ನಿನ್ನ ದೂರು ಕೇಳುವವರು ಇಲ್ಲಿ ಯಾರೂ ಇಲ್ಲ.

ಇಷ್ಟು ಹೇಳಿದ ಮೇಲೆ ನಾವು ನಮ್ಮ ಅಂಗಳವನ್ನೂ ಗುಡಿಸಿಕೊಳ್ಳಬೇಕು. ಹಬ್ಬದ ದಿನ ಹೌಸಿ ಆಡಿಸುತ್ತೇವೆ, ಕಟ್ಟಡ ನಿಧಿಗೆಂದು ಅದೃಷ್ಟ ಚೀಟಿ ಮಾರುತ್ತೇವೆ. ಹತ್ತು ರೂಪಾಯಿಯ ಆ ವಿನೋದದಿಂದ ಯಾವ ಮನೆಯ ಒಲೆಯೂ ಆರದು ಎಂಬುದು ನಿಜ. ಆದರೂ ಬಹುಮಾನದ ಆಸೆಯನ್ನು ಮಕ್ಕಳಿಗೆ ಮೊದಲು ತೋರಿಸಿದವರು ನಾವೇ ಅಲ್ಲವೇ ಎಂದು ಕೇಳಿಕೊಳ್ಳುವುದರಲ್ಲಿ ತಪ್ಪಿಲ್ಲ.

ಜೂಜಿನಲ್ಲಿ ಬಿದ್ದವನನ್ನು ನಾವು ದೂರ ತಳ್ಳುವಂತಿಲ್ಲ. 1550ರಲ್ಲಿ ಇಟಲಿಯಲ್ಲಿ ಜನಿಸಿದ ಸಂತ ಕಮಿಲ್ಲಸ್ ಸೈನಿಕನಾಗಿದ್ದಾಗ ಜೂಜಿನಲ್ಲಿ ಇದ್ದುದೆಲ್ಲವನ್ನೂ ಕಳೆದುಕೊಂಡವರು. ಕೂಲಿ ಮಾಡಲು ಕಪುಚಿನ್ ಸನ್ಯಾಸಿಗಳ ಬಳಿ ಸೇರಿ, 1575ರಲ್ಲಿ ಮನಃಪರಿವರ್ತನೆ ಹೊಂದಿ, ಮುಂದೆ ರೋಗಿಗಳ ಸೇವೆಗೆ ಒಂದು ಸಭೆಯನ್ನೇ ಸ್ಥಾಪಿಸಿದರು. ಬೆಂಗಳೂರಿನ ಸ್ನೇಹದಾನ ಆ ಸಭೆಯವರು ನಡೆಸುವ ಸಂಸ್ಥೆ. ಇಂದು ನೆರವಿನ ದಾರಿಗಳು ಹೆಚ್ಚಿವೆ. ಮೊಬೈಲಿನ ಗೀಳಿಗೆಂದೇ ನಿಮ್ಹಾನ್ಸ್ 2014ರಲ್ಲಿ ಶಟ್ ಕ್ಲಿನಿಕ್ ಆರಂಭಿಸಿತು. ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಲು ಹಣ ಬೇಕಿಲ್ಲ, ನಾಚಿಕೆಯೂ ಬೇಕಿಲ್ಲ.

ಆ ತಾಯಿಗೆ ನಾವು ಹೇಳಿದ್ದಿಷ್ಟು. ಅಮ್ಮ, ನೋಟ್‌ಬುಕ್ಕನ್ನು ಒಲೆಗೆ ಹಾಕಬೇಡಿ. ನಿಮ್ಮ ಮಗ ಸೋಮಾರಿಯಲ್ಲ. ಅಷ್ಟು ಲೆಕ್ಕ ಬಲ್ಲವನು ಇನ್ನೂ ಓದಬಲ್ಲ, ಊರಿನ ಮಕ್ಕಳಿಗೆ ಸಂಜೆ ಗಣಿತ ಹೇಳಿಕೊಡಬಲ್ಲ. ಅವನ ಪಕ್ಕದಲ್ಲಿ ಕುಳಿತು "ನನಗೂ ಕಲಿಸು ಮಗ" ಎನ್ನಿ. ಚೌಕಾಬಾರಕ್ಕೆ ಇಡುತ್ತಿದ್ದಂತೆ ಹುಣಸೆ ಬೀಜಗಳನ್ನೇ ಪಣವಾಗಿಡಿ, ತಂಗಿಯೂ ಆಡಲಿ. ಅವನು ಪ್ರೀತಿಸುವುದು ಆಟವನ್ನೇ ಆದರೆ ಹುಣಸೆ ಬೀಜ ಅವನಿಗೆ ಸಾಕಾಗುತ್ತದೆ. ಸಾಕಾಗದಿದ್ದರೆ ಅವನನ್ನು ಎಳೆಯುತ್ತಿರುವುದು ವಿದ್ಯೆಯಲ್ಲ, ಹಣ ಎಂಬುದು ಅವನಿಗೇ ಅರಿವಾಗುತ್ತದೆ. ಆಗ ಸಿಟ್ಟಾಗದೆ ಅವನ ಕೈ ಹಿಡಿದು ನೆರವಿನ ಬಾಗಿಲಿಗೆ ಕರೆದೊಯ್ಯಿರಿ.

ದೇವರು ಕೊಟ್ಟ ಬುದ್ಧಿಯನ್ನು ಬೆಳೆಸುವುದು ಪುಣ್ಯವೇ ಸರಿ. ಅದು ಬೆಳೆದಂತೆಲ್ಲ ನೆರೆಯವನ ಮನೆಯ ಅನ್ನ ಕಡಿಮೆಯಾಗಬಾರದು, ನಮ್ಮ ಮನೆಯದೂ ಕಡಿಮೆಯಾಗಬಾರದು. ವಿದ್ಯೆ ಉಳಿಯಲಿ, ಪಣ ಅಳಿಯಲಿ.