ಪ್ಲಗ್ ಬಿಗಿಯುವ ಕೈಗೆ ಅಳತೆ ಗೊತ್ತಿರಬೇಕು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ತಿಂಗಳು ಕಳೆಯುವಷ್ಟರಲ್ಲಿ ನಮ್ಮ ಗ್ಯಾರೇಜುಗಳಲ್ಲಿ ಹೊಸ ಮುಖಗಳು ಕಾಣಿಸುತ್ತವೆ. ದೇರಳಕಟ್ಟೆಯಿಂದ ಉಪ್ಪಿನಂಗಡಿವರೆಗೆ ಇದೇ ಕಥೆ. ಹುಡುಗ ಕೆಲಸ ಕಲಿಯಲಿ, ನಾಳೆ ಗಲ್ಫಿಗಾದರೂ ಹೋಗಬಹುದು ಅಂತ ಮನೆಯವರ ಲೆಕ್ಕ. ಲೆಕ್ಕ ತಪ್ಪೇನಲ್ಲ. ಆದರೆ ಅಲ್ಲಿ ಅವನು ಹೇಗೆ ಕಲಿಯುತ್ತಿದ್ದಾನೆ ಎಂದು ನಾವು ಕೇಳುವುದೇ ಇಲ್ಲ.

ಹೊಸಬನ ಕೈಗೆ ಮೊದಲು ಸಿಗುವ ಕೆಲಸಗಳಲ್ಲಿ ಸ್ಪಾರ್ಕ್ ಪ್ಲಗ್ ಬದಲಿಸುವುದೂ ಒಂದು. ನೋಡಲಿಕ್ಕೆ ಸುಲಭ. ಆದರೆ ಪ್ಲಗ್ ಕೂರುವ ಹೆಡ್ ಅಲ್ಯೂಮಿನಿಯಮ್‌ನದು, ಪ್ಲಗ್ಗಿನ ಥ್ರೆಡ್ ಉಕ್ಕಿನದು. ಇಂಜಿನ್ ಬಿಸಿ ಇರುವಾಗಲೇ ಬಿಚ್ಚಿದರೆ, ಅಥವಾ ಓರೆಯಾಗಿ ಹಿಡಿದು ಪಾನ ಹಾಕಿ ತಿರುಗಿಸಿದರೆ, ಹಾಳಾಗುವುದು ಹೆಡ್ಡಿನ ಥ್ರೆಡ್. ಇಂಜಿನ್ ತಣಿಯಬೇಕು, ಸುತ್ತಲಿನ ಮಣ್ಣು ಊದಿ ತೆಗೆಯಬೇಕು, ಹೊಸ ಪ್ಲಗ್ಗನ್ನು ಮೊದಲು ಬೆರಳಲ್ಲೇ ಕೊನೆಯವರೆಗೆ ತಿರುಗಿಸಬೇಕು. ವಾಷರ್ ಇರುವ ಹೊಸ ಪ್ಲಗ್ಗಾದರೆ ಆಮೇಲೆ ಪಾನದಲ್ಲಿ ಸುಮಾರು ಅರ್ಧ ಸುತ್ತು ಸಾಕು. ಬೈಕುಗಳ 10 ಮಿ.ಮೀ. ಪ್ಲಗ್ಗಿಗೆ ಸಾಮಾನ್ಯವಾಗಿ 10ರಿಂದ 12 ನ್ಯೂಟನ್ ಮೀಟರ್ ಬಿಗಿ. ಅಷ್ಟೇ! ದೊಡ್ಡ ಪಾನ ಹಿಡಿದ ಹದಿಹರೆಯದ ಕೈಗೆ ಅದನ್ನು ದಾಟುವುದು ಎಷ್ಟು ಹೊತ್ತಿನ ಕೆಲಸ?

ಹೆಡ್ ಬೋಲ್ಟುಗಳದ್ದು ಇನ್ನೂ ಸೂಕ್ಷ್ಮ. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗುವ ಹಾಗಿಲ್ಲ. ಕಂಪೆನಿ ಹೇಳಿದ ಕ್ರಮದಲ್ಲಿ ಎದುರು ಬದಿಯದನ್ನೂ ಸೇರಿಸಿಕೊಂಡು ಎರಡು ಮೂರು ಹಂತದಲ್ಲಿ ಬಿಗಿಯಬೇಕು. ಇಲ್ಲದಿದ್ದರೆ ಹೆಡ್ ಸೊಟ್ಟಗಾಗಿ ಗ್ಯಾಸ್ಕೆಟ್ ಸೋರುತ್ತದೆ. ಬೋಲ್ಟಿಗೆ ಎಣ್ಣೆ ಹಚ್ಚಿದ್ದರೆ ಅದೇ ಬಲಕ್ಕೆ ಅದು ಹೆಚ್ಚು ಎಳೆಯಲ್ಪಡುತ್ತದೆ. ಇದೆಲ್ಲ ಗೊತ್ತಿಲ್ಲದ ಹುಡುಗನಿಗೆ ಸಿಗುವ ಪಾಠ "ಚೆನ್ನಾಗಿ ಬಿಗಿ ಮಾರಾಯ" ಎಂಬುದು ಮಾತ್ರ. ಥ್ರೆಡ್ ಹೋದರೆ ಲೇತ್ ಅಂಗಡಿಯ ಖರ್ಚು ಅವನ ಸಂಬಳದಿಂದಲೇ ಕಡಿತ. ಟಾರ್ಕ್ ರೆಂಚ್ ತೋರಿಸದವರು ನಷ್ಟವನ್ನು ಮಾತ್ರ ಹುಡುಗನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಹಳೆಯ ಮೇಸ್ತ್ರಿಗಳ ಕೈ ಅಂದಾಜನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ಪ್ಲಗ್ಗಿನ ತುದಿ ನೋಡಿಯೇ ಇಂಜಿನ್ನಿನ ಕಾಯಿಲೆ ಹೇಳುವವರು ಅವರು: ಕಂದು ಬಣ್ಣವಿದ್ದರೆ ಕ್ಷೇಮ, ಕಪ್ಪು ಮಸಿಯಿದ್ದರೆ ಪೆಟ್ರೋಲ್ ಹೆಚ್ಚು, ಎಣ್ಣೆ ಹಿಡಿದಿದ್ದರೆ ರಿಂಗೋ ವಾಲ್ವ್ ಸೀಲೋ ಸವೆದಿರಬಹುದು. ಆದರೆ 2020ರ ಏಪ್ರಿಲ್‌ನಲ್ಲಿ ಬಿಎಸ್-6 ಜಾರಿಯಾದ ಮೇಲೆ ಬೈಕುಗಳಲ್ಲೂ ಕಾರ್ಬ್ಯುರೇಟರ್ ಹೋಗಿ ಇಂಜೆಕ್ಷನ್, ಸೆನ್ಸರ್ ಬಂತು. ಪ್ಲಗ್ ಸರಿಯಾಗಿ ಕಿಡಿ ಕೊಡದೆ ಉರಿಯದ ಪೆಟ್ರೋಲ್ ಹೊರಹೋದರೆ ಸೈಲೆನ್ಸರ್ ಕಡೆ ಇರುವ ದುಬಾರಿ ಕೆಟಲಿಟಿಕ್ ಕನ್ವರ್ಟರ್ ಕೂಡ ಹಾಳು. ಈಗ 20 ಶೇಕಡಾ ಎಥನಾಲ್ ಪೆಟ್ರೋಲ್ ಬೇರೆ. ಎಥನಾಲ್‌ನಲ್ಲಿ ಲೀಟರಿಗೆ ಪೆಟ್ರೋಲ್‌ನ ಮೂರನೇ ಎರಡರಷ್ಟೇ ಶಕ್ತಿ. ಹಾಗಾಗಿ ಮೈಲೇಜ್ ಸ್ವಲ್ಪ ಇಳಿದ ಮಾತ್ರಕ್ಕೆ ಪ್ಲಗ್ ಬದಲಿಸಿ ಗಿರಾಕಿಯ ಹಣ ಖರ್ಚು ಮಾಡಿಸುವುದೂ ಸರಿಯಲ್ಲ.

ಗಲ್ಫಿನ ಬಾಗಿಲೂ ಮೊದಲಿನಂತಿಲ್ಲ. ಸೌದಿ ಅರೇಬಿಯಾ ಹಲವು ವೃತ್ತಿಗಳಿಗೆ ಇಲ್ಲಿಂದ ಹೊರಡುವ ಮೊದಲೇ ಕೌಶಲ ಪರೀಕ್ಷೆ ಇಟ್ಟಿದೆ; ವಾಹನ ಎಲೆಕ್ಟ್ರೀಷಿಯನ್ ಕೂಡ ಆ ಪಟ್ಟಿಯಲ್ಲಿದೆ. ಕೈಕೆಲಸದ ಜೊತೆ ಪ್ರಶ್ನೆಗಳಿಗೂ ಉತ್ತರಿಸಬೇಕು. ಹತ್ತು ವರ್ಷ ಗ್ಯಾರೇಜಿನಲ್ಲಿ ದುಡಿದವನೂ ಅಲ್ಲಿ ತಡವರಿಸಬಹುದು.

ದಾರಿ ಇಲ್ಲವೆಂದಲ್ಲ. ಹತ್ತನೇ ತರಗತಿ ಪಾಸಾದವರಿಗೆ ಐಟಿಐಯಲ್ಲಿ ಎರಡು ವರ್ಷದ ಮೋಟಾರು ವಾಹನ ಮೆಕ್ಯಾನಿಕ್ ಕೋರ್ಸ್ ಇದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಸೇರಿದವನಿಗೆ ಸ್ಟೈಪೆಂಡ್ ಕೊಡಲೇಬೇಕು. ಹದಿನಾಲ್ಕು ತುಂಬದ ಮಗುವನ್ನು ಗ್ಯಾರೇಜಿಗೆ ಕೆಲಸಕ್ಕೆ ಹಚ್ಚುವುದಂತೂ ಕಾನೂನಿಗೆ ವಿರುದ್ಧ. ಐಟಿಐ ಆಗದ ಮನೆಯವರು ಮಗನನ್ನು ಬಿಡುವ ಮೊದಲು ಗ್ಯಾರೇಜಿನವರಲ್ಲಿ ಎರಡು ವಿಷಯ ಕೇಳಿಕೊಳ್ಳಿ: ಇಲ್ಲಿ ಟಾರ್ಕ್ ರೆಂಚ್ ಇದೆಯೇ, ಅದನ್ನು ಹುಡುಗನ ಕೈಗೆ ಎಂದು ಕೊಡುತ್ತೀರಿ?